ಕಮಾನು ತೋಟದ ಕೆಂಪು ಹಾಸು

ಗದಗ ಹೊಸ ಜಿಲ್ಲೆಯಾದ ಮೊದಲ ವರ್ಷಗಳಲ್ಲಿ ಬಿಡುವಿಲ್ಲದೆ ದುಡಿದವರು ಯಾರಾದರೂ ಇದ್ದರೆ ಅದು ಕತ್ತರಿ. ಮುಂಡರಗಿಯಲ್ಲಿ ತಗಡಿನ ಚಪ್ಪರಕ್ಕೆ ರಿಬ್ಬನ್, ಶಿರಹಟ್ಟಿಯಲ್ಲಿ ಹಳೆಯ ಕಟ್ಟಡದ ಹೊಸ ಸುಣ್ಣಕ್ಕೆ ರಿಬ್ಬನ್, ಬೆಳ್ಳಟ್ಟಿಯ ದಾರಿಯಲ್ಲಿ ನಿಲ್ಲಿಸಿದ ಒಂದು ಬೋರ್ಡಿಗೂ ರಿಬ್ಬನ್. ಬೆಟಗೇರಿಯ ಬಾನುಬಿ ಮಗ್ಗದ ಕುಣಿಯಲ್ಲಿ ಕೂತೇ ಹೇಳುತ್ತಿದ್ದಳು: "ಜಿಲ್ಲಾ ಅಲ್ಲಬೇ ಇದು, ಜವಳಿ ಅಂಗಡಿ. ಹರದದ್ದು ನೋಡ್ರಿ ಎಷ್ಟು!"

ಲಕ್ಷ್ಮೇಶ್ವರದಲ್ಲಿ ಹುಟ್ಟಿ ಬೆಟಗೇರಿಗೆ ಸೊಸೆಯಾಗಿ ಬಂದ ಹೆಂಗಸು. ಗಂಡ ಮೌಲಾಸಾಬ ತೀರಿಕೊಂಡಾಗ ನೆಂಟರು ಮಗ್ಗ ಮಾರಿಬಿಡು ಅಂದರು. ಮಗ್ಗ ಉಳಿಯಿತು, ಹಾಗೆ ಹೇಳಿದ ನೆಂಟರು ಮತ್ತೆ ಮನೆ ಮೆಟ್ಟಿಲು ಹತ್ತಲಿಲ್ಲ. ಅವಳ ನಾಲಿಗೆ ಅಂಥದ್ದು.

ಅವಳ ಓಣಿಯ ತುದಿಗೇ ಕಮಾನು ತೋಟ. ಹಿಂದೆ ಯಾವುದೋ ಕಾಲದಲ್ಲಿ ಅರಳೆ ವ್ಯಾಪಾರಿಗಳು ಬೇವಿನ ಸಾಲು ಹಚ್ಚಿ, ನಡುವೆ ಕಲ್ಲಿನ ಮಂಟಪ ಕಟ್ಟಿಸಿದ್ದರು. ಸಂಜೆ ಅಲ್ಲಿ ಸಭೆ, ನಾಟಕ, ಮದುವೆಯ ಊಟ. ಮುಂಜಾನೆ ಮಾತ್ರ ತೋಟ ನೇಕಾರರದು. ನಾಲ್ಕಾರು ಸೀರೆಗಾಗುವಷ್ಟು ಉದ್ದದ ಎಳೆಗಳನ್ನೆಲ್ಲ ಬೇವಿನ ನೆರಳಲ್ಲಿ ಎಳೆದು ಕಟ್ಟಿ, ಗಂಜಿ ಬಳಿದು, ಒಣಗಿಸಿ ಸುತ್ತಿಕೊಂಡು ಹೋಗಬೇಕು. ಅದಕ್ಕೇ ಹಾಸು ಅನ್ನುವುದು. ಬಿಸಿಲು ಬಿದ್ದರೆ ಎಳೆ ಕಡಿಯುತ್ತದೆ, ಜಾಗ ಗಿಡ್ಡವಾದರೆ ಹಾಸು ಹಿಡಿಯುವುದಿಲ್ಲ. ಓಣಿಯಲ್ಲಿ ಆಗಲೇ ಸ್ಕೂಟರುಗಳ ಕಾಟ. ತೋಟ ಬಿಟ್ಟರೆ ಆ ಮಂದಿಗೆ ಬೇರೆ ಜಾಗವೇ ಇರಲಿಲ್ಲ.

ಹೊಸ ಜಿಲ್ಲೆಯ ಹುರುಪಿನಲ್ಲಿ ತೋಟಕ್ಕೂ ಒಂದು ಸಮಿತಿ ಬಂತು. ಅಡತಿ ಅಂಗಡಿಯ ದೇವೇಂದ್ರಪ್ಪ ಅಧ್ಯಕ್ಷ. ಸ್ಥಳೀಯರೂ ಇರಬೇಕೆಂಬ ನಿಯಮವಿತ್ತು. ಬಾನುಬಿಯನ್ನು ಕೂಡಿಸಿದರೆ ಓಣಿಯವರೂ ಆದರು, ಹೆಂಗಸೂ ಆಯಿತು, ಮುಸಲ್ಮಾನರೂ ಆದರು. ಒಂದೇ ಕುರ್ಚಿ ಸಾಕಾಯಿತು. ಆ ಕುರ್ಚಿಯ ಕಾಲು ಮಾತ್ರ ಅಲುಗಾಡುತ್ತಿತ್ತು.

ದೇವೇಂದ್ರಪ್ಪ ತೋಟವನ್ನು ಸುಂದರಗೊಳಿಸಿದ. ನೂರು ಮಳೆಗಾಲ ಕಂಡ ಕಲ್ಲಿನ ಮಂಟಪಕ್ಕೆ ಗುಲಾಬಿ ಬಣ್ಣದ ಎಣ್ಣೆ ಪೇಂಟು ಬಳಿಸಿದ. ಕಸ ಹಾಕಲು ಬಾಯಿ ತೆರೆದು ನಿಂತ ಸಿಮೆಂಟಿನ ಪೆಂಗ್ವಿನ್‌ಗಳನ್ನು ತರಿಸಿದ. ಗದುಗಿನ ಬಿಸಿಲಿನಲ್ಲಿ ಪೆಂಗ್ವಿನ್! ಅವುಗಳ ಮುಖ ನೋಡಿ ಬಾನುಬಿಗೆ ಅಯ್ಯೋ ಅನ್ನಿಸುತ್ತಿತ್ತು. ದೇವೇಂದ್ರಪ್ಪನ ಮುಖ ನೋಡಿದರೆ ಅದೂ ಅನ್ನಿಸುತ್ತಿರಲಿಲ್ಲ.

ಉದ್ಘಾಟನೆಗೆ ಮುಂಚಿನ ಸಭೆಯಲ್ಲಿ ಅವನು ಗಂಟಲು ಸರಿಮಾಡಿಕೊಂಡ. "ಉದ್ಯಾನ ಅಂದಮ್ಯಾಲ ಒಂದು ಶಿಸ್ತು ಬೇಕು. ಉದ್ಘಾಟನಿ ಆದ ಮರುದಿನದಿಂದ ಮುಂಜಾನಿ ಗೇಟಿಗೆ ಕೀಲಿ. ಸಂಜಿಕ ತೆಗಿಯೂದು. ಮಂದಿ ಬರಲಿ, ಕುಂಡ್ರಲಿ, ಗಾಳಿ ತೊಗೊಳ್ಳಲಿ."

"ನಾವು ಮಂದಿ ಅಲ್ಲೇನ್ರಿ ಅಧ್ಯಕ್ಷರ?" ಬಾನುಬಿ ಕೇಳಿದಳು.

"ನೀವು ಓಣ್ಯಾವರಬೇ," ಅಂದ ಅವನು, ಭಾಳ ಸಮಾಧಾನದಿಂದ.

ಕೀಲಿ ಬಿತ್ತೆಂದರೆ ತನ್ನ ಮಗ್ಗವಷ್ಟೇ ಅಲ್ಲ, ಓಣಿಯ ಮಗ್ಗಗಳೆಲ್ಲ ಸುಮ್ಮನಾಗುತ್ತವೆ ಎಂಬುದು ಬಾನುಬಿಗೆ ಗೊತ್ತಿತ್ತು. ಹೆದರಿಕೆಯಾಯಿತು. ಹೆದರಿಕೆಯಾದಾಗಲೆಲ್ಲ ಅವಳಿಗೆ ಸಿಟ್ಟು ಬರುತ್ತಿತ್ತು.

ಉದ್ಘಾಟನೆಯ ಮುಂಜಾನೆಯೇ ಓಣಿಯ ವರ್ಷದ ಮೊದಲ ಹಾಸು ಬಿತ್ತು. ಬಾನುಬಿಯ ಮಗ್ಗದ ಅಪ್ಪಟ ಕೆಂಪು ಎಳೆ, ಮಂಟಪದ ಮುಂದೆ ಹಾದು ಬೇವಿನ ಸಾಲಿನ ಉದ್ದಕ್ಕೂ. ಮೊದಲ ಹಾಸಿಗೆ ಒಂದು ಪದ್ಧತಿಯಿತ್ತು. ನಡುವಿನಲ್ಲಿ ಎಳೆಗಳನ್ನೆಲ್ಲ ಒಟ್ಟುಮಾಡಿ ಚೆಂಡುಹೂವಿನ ಸರ ಕಟ್ಟುತ್ತಾರೆ. ನೆರೆಮನೆಯ ಗುರುಸಿದ್ದವ್ವ ಕುಂಕುಮ ಹಚ್ಚುತ್ತಾಳೆ, ಬಾನುಬಿ ಲೋಬಾನದ ಹೊಗೆ ತೋರಿಸುತ್ತಾಳೆ. ಆಮೇಲೆ ಹೂ ಬಿಚ್ಚಿ, ಎಳೆ ಹರಡಿ ಗಂಜಿ ಬಳಿಯುವುದು. ಉದ್ಘಾಟನೆಗೆ ಜಿಲ್ಲಾಧಿಕಾರಿ ಸಾಹೇಬರು ಬರುವುದು ಹನ್ನೊಂದಕ್ಕೆ. ಅಷ್ಟರಲ್ಲಿ ಸುತ್ತಿಕೊಂಡು ಹೋಗಬಹುದೆಂದು ಇಬ್ಬರೂ ಪೂಜೆ ಮುಗಿಸಿ ಗಂಜಿ ತರಲು ಮನೆಗೆ ಹೋದರು.

ಸಾಹೇಬರಿಗೆ ಅದೇ ದಿನ ಶಿರಹಟ್ಟಿಯಲ್ಲೂ ಕತ್ತರಿಸುವುದಿತ್ತು, ಮುಂಡರಗಿಯಲ್ಲೂ ಕತ್ತರಿಸುವುದಿತ್ತು. ಎಂಟಕ್ಕೇ ಜೀಪು ಬಂದು ನಿಂತಿತು. ಕತ್ತರಿ ಜೀಪಿನಲ್ಲೇ ಇರುತ್ತಿತ್ತು. ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಓಡಿಬಂದ ದೇವೇಂದ್ರಪ್ಪನಿಗೆ ತಂದಿಟ್ಟ ರಿಬ್ಬನ್ ಮನೆಯ ಕಪಾಟಿನಲ್ಲೇ ಉಳಿದದ್ದು ಆಗ ನೆನಪಾಯಿತು. ಅಷ್ಟರಲ್ಲಿ ಕಣ್ಣಿಗೆ ಬಿತ್ತು, ಮಂಟಪದ ಮುಂದೆ ಅಡ್ಡಲಾಗಿ ಬಿಗಿದ ಕೆಂಪು, ನಡುವೆ ಹೂವು, ಹೂವಿಗೆ ಕುಂಕುಮ. ಓಣಿಯವರಿಗೂ ಕೊನೆಗೆ ಬುದ್ಧಿ ಬಂತಲ್ಲ ಎಂದು ಅವನ ಎದೆ ಉಬ್ಬಿತು. ಬೆಟಗೇರಿಯ ಸೀರೆ ಮಾರಿದವರ ಜೊತೆ ಚಹಾ ಕುಡಿದ ಮನುಷ್ಯ, ಆದರೆ ಸೀರೆ ಹೇಗೆ ಹುಟ್ಟುತ್ತದೆಂದು ಒಂದು ದಿನವೂ ಇಣುಕಿ ನೋಡಿದವನಲ್ಲ.

"ಇಲ್ಲೇರಿ ಸಾಹೇಬ್ರ, ಹೂವಿನ ಮಗ್ಗಲಕ," ಎಂದ.

ಸಾಹೇಬರು ಕತ್ತರಿಸಿದರು. ದಪ್ಪವಾಗಿತ್ತು, ಎರಡು ಮೂರು ಸಲ ಕಚಕಚ ಅನ್ನಿಸಬೇಕಾಯಿತು. ಗಂಜಿಯ ಪಾತ್ರೆ ಹೊತ್ತು ಗೇಟಿಗೆ ಬಂದ ಬಾನುಬಿ ಚೀರಿದ್ದು ಚಪ್ಪಾಳೆಯಲ್ಲಿ ಕೇಳಲೇ ಇಲ್ಲ. ಬಿಗಿಯಾಗಿದ್ದ ಹಾಸು ಎರಡೂ ಕಡೆ ನೆಲಕ್ಕೆ ಕುಸಿಯಿತು. ಗುರುಸಿದ್ದವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ಕಣ್ಣಿಗೆ ಪಟ್ಟಿ ಕಟ್ಟಗೊಂಡು ಬಂದೀರೇನ್ರಿ ಅಧ್ಯಕ್ಷರ!" ಬಾನುಬಿ ಪಾತ್ರೆ ಕುಕ್ಕಿ ಮುಂದೆ ನುಗ್ಗಿದಳು.

ಸಾಹೇಬರು ತಿರುಗಿ, "ಏನಂತೆ ಈಕೆಗೆ?" ಎಂದು ಕೇಳಿದರು.

ದೇವೇಂದ್ರಪ್ಪ ನೆಲದ ಮೇಲಿನ ಎಳೆಗಳನ್ನು ನೋಡಿದ, ಎಳೆ ಬಿಗಿದಿದ್ದ ಬಿದಿರಿನ ಕೋಲುಗಳನ್ನು ನೋಡಿದ, ಗಂಜಿ ನೋಡಿದ. ಏನು ಮಾಡಿದೆನೆಂದು ತಿಳಿಯಿತು. ತಿಳಿದ ಮರುಕ್ಷಣವೇ ಸುಳ್ಳೂ ಹೊಳೆಯಿತು, ಆ ಕಲೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

"ಪ್ರಾತ್ಯಕ್ಷಿಕಿರಿ ಸಾಹೇಬ್ರ. ನಮ್ಮ ನೇಕಾರರ ಕೆಲಸ ನಿಮಗ ತೋರಸಬೇಕಂತ ಸಮಿತೀನ ಇಟಗೊಂಡದ್ದು. ಇನ್ನ ಇವರು ಎಳಿ ಕೂಡಸಿ ತೋರಸ್ತಾರ. ಇಕಿ ನಮ್ಮ ಸದಸ್ಯರು, ಬಾನುಬಿ."

ಸಾಹೇಬರ ಮುಖ ಅರಳಿತು. "ಬಹಳ ಚೆನ್ನಾಗಿದೆ! ರಿಬ್ಬನ್ ಬದಲು ನೂಲು! ಇದು ಒಂದು ದಿನಕ್ಕೆ ನಿಲ್ಲಬಾರದು ನೋಡಿ. ಪ್ರತಿದಿನ ಬೆಳಿಗ್ಗೆ ಈ ಕೆಲಸ ಇಲ್ಲಿ ನಡೆಯಲಿ. ನಾನೇ ಬಂದು ನೋಡುತ್ತೇನೆ."

ಬಾನುಬಿಯ ಬಾಯಲ್ಲಿ ಬೈಗುಳ ಸಾಲುಗಟ್ಟಿ ನಿಂತಿತ್ತು. ಒಂದು ಮಾತು ಹೊರಬಿದ್ದಿದ್ದರೂ ಸುಳ್ಳು ಬಯಲಾಗುತ್ತಿತ್ತು, ಅದರ ಜೊತೆಗೆ 'ಪ್ರತಿದಿನ' ಎಂಬುದೂ ಹೋಗುತ್ತಿತ್ತು. ಹುಟ್ಟಿದಾಗಿನಿಂದ ಮೊದಲ ಸಲ ಅವಳು ನಾಲಿಗೆ ಕಚ್ಚಿ ಹಿಡಿದಳು. ಅದರ ಉರಿ ಅವಳಿಗೇ ಗೊತ್ತು.

"ಖರೇರಿ ಸಾಹೇಬ್ರ," ಎಂದಳು. "ನಮ್ಮ ಅಧ್ಯಕ್ಷರು ಭಾಳ ವಿಚಾರ ಮಾಡಿ ಕತ್ತರಸಾಕ ಹೇಳ್ಯಾರ."

ಓಣಿಯ ಹೆಂಗಸರೆಲ್ಲ ಬಂದು ಗುಲಾಬಿ ಮಂಟಪದ ಮುಂದೆ ಕೂತರು. ಕಡಿದ ಎಳೆಗೆ ಎಳೆ ಹುಡುಕಿ ಗಂಟು ಹಾಕುತ್ತ ಹಾಕುತ್ತ ಹೊತ್ತು ಮುಳುಗಿತು. ಸಾಹೇಬರು ಮುಂಜಾನೆಯೇ ಒಂದು ಗಂಟು ಹಾಕಿದಂತೆ ಫೋಟೋ ತೆಗೆಸಿಕೊಂಡು ಶಿರಹಟ್ಟಿಗೆ ಹೋಗಿದ್ದರು. ಮರುದಿನ ಪೇಪರಿನಲ್ಲಿ ದೇವೇಂದ್ರಪ್ಪನ ಹಲ್ಲು ಚೆನ್ನಾಗಿ ಬಂದಿತ್ತು. ಗೇಟಿಗೆ ಬೀಳಬೇಕಿದ್ದ ಕೀಲಿ ಅವನ ಕಿಸೆಯಲ್ಲೇ ಉಳಿಯಿತು.

ಆ ಹಾಸಿನಲ್ಲಿ ಎದ್ದ ಸೀರೆಗಳೆಲ್ಲ ಮಾರಾಟವಾದವು, ಒಂದನ್ನು ಬಿಟ್ಟು. ಆ ಒಂದರಲ್ಲಿ ಅಂಚಿನಿಂದ ಅಂಚಿಗೆ ಗಂಟಿನ ಸಾಲು. ಯಾರು ಕೊಳ್ಳುತ್ತಾರೆ? ಬಾನುಬಿಯೇ ಉಟ್ಟಳು. ಬೇರೆಲ್ಲಿಗೂ ಅಲ್ಲ, ಸಮಿತಿಯ ಸಭೆಗೆ ಮಾತ್ರ. ಗಂಟಿನ ಸಾಲು ಸರಿಯಾಗಿ ಎದೆಯ ಮೇಲೆ ಬರುವಂತೆ ಸೆರಗು ಹೊದ್ದು, ಅಧ್ಯಕ್ಷರ ಎದುರಿಗೇ ಕೂರುತ್ತಿದ್ದಳು.

ವರ್ಷ ಕಳೆದ ಮೇಲೆ ದೇವೇಂದ್ರಪ್ಪನಿಗೆ ತಡೆಯಲಾಗಲಿಲ್ಲ. "ಬಾನುಬಿ, ಬ್ಯಾರೆ ಸೀರಿ ಇಲ್ಲೇನಬೇ? ಇದು ಫೋಟೋದಾಗ ಛಲೋ ಕಾಣೂದಿಲ್ಲ."

"ಇದು ಸೀರಿ ಅಲ್ರಿ ಅಧ್ಯಕ್ಷರ, ನಿಮ್ಮ ರಿಬ್ಬನ್," ಅಂದಳು ಬಾನುಬಿ. "ನೀವು ಮತ್ತ ಕೀಲಿ ಸುದ್ದಿ ತಗದ ದಿನ ಇದನ್ನ ಉಟಗೊಂಡು ಸಾಹೇಬ್ರ ಮುಂದ ಹೋಗಿ ನಿಂದ್ರತೀನಿ. ಅವತ್ತು ತಿಳೀಲಾರದ ಯಾರು ಕತ್ತರಸಾಕ ಹೇಳಿದ್ರು ಅಂತ ಅವರ ಕೇಳಲಿ."

ದೇವೇಂದ್ರಪ್ಪ ಎಲ್ಲರಿಗೂ ಚಹಾ ಹೇಳಿದ. ಅಲುಗಾಡುವ ಕುರ್ಚಿಯಲ್ಲಿ ಬಾನುಬಿ ಕಾಲ ಮೇಲೆ ಕಾಲು ಹಾಕಿ ಕೂತು, ತನ್ನ ಪಾಲಿನದನ್ನು ನಿಧಾನವಾಗಿ ಕುಡಿದಳು.