ಮೇಷ್ಟ್ರ ದಾರದ ಚಪ್ಪಲಿ

ನಮ್ಮ ರಷ್ಯನ್ ಸಾಹಿತ್ಯದ ಮೇಷ್ಟ್ರು ರಷ್ಯಾಕ್ಕೆ ಒಮ್ಮೆಯೂ ಹೋದವರಲ್ಲ, ಆದರೆ ಅಲ್ಲಿ ಹಿಮ ಬಿದ್ದರೆ ಇಲ್ಲಿ ಇವರಿಗೆ ನೆಗಡಿ. ಕಾದಂಬರಿಯಲ್ಲಿ ಯಾರಾದರೂ ಸತ್ತರೆ ಅಂದಿನ ಪಾಠ ಅಲ್ಲಿಗೇ ಮುಗಿಯಿತು. ಕನ್ನಡಕ ಒರೆಸಿಕೊಂಡು "ಮನೆಗೆ ಹೋಗ್ರಪ್ಪಾ" ಅನ್ನುತ್ತಾರೆ. ಹೊಸ್ತಿಲಾಚೆ ನಿಂತವರ ಕೈ ಕುಲುಕುವುದಿಲ್ಲ, ರಷ್ಯನ್ನರಿಗೆ ಅದು ಅಪಶಕುನವಂತೆ. ಪ್ರತಿ ಮನೆಯಲ್ಲೂ ಕಣ್ಣಿಗೆ ಕಾಣದ ಒಬ್ಬ ತಾತ ಇರುತ್ತಾನೆ, ಮನೆ ಬಿಡುವಾಗ ಅವನನ್ನು ಹಳೇ ಚಪ್ಪಲಿಯಲ್ಲಿ ಕೂರಿಸಿ ಕರೆದೊಯ್ಯಬೇಕು ಎಂಬ ಅಲ್ಲಿನ ಹಳ್ಳಿಗರ ನಂಬಿಕೆಯ ಮೇಲೇ ಅವರು ಡಾಕ್ಟರೇಟ್ ಪಡೆದದ್ದು. ವಿಭಾಗ ಹೊಸ ಕಟ್ಟಡಕ್ಕೆ ಹೋದಾಗ ತಮ್ಮ ಹರಕು ಚಪ್ಪಲಿಗೆ ದಾರ ಕಟ್ಟಿ, "ಬನ್ನಿ ತಾತ, ಹೋಗೋಣ" ಎಂದು ಕಾರಿಡಾರ್ ಉದ್ದಕ್ಕೂ ಎಳೆದುಕೊಂಡು ಹೋದರು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಹೆಂಡತಿ ತೀರಿಕೊಂಡ ಮೇಲೆ, ಮೊನ್ನೆ, ಮಹಡಿಯ ಮೇಲಿನ ಸಣ್ಣ ಮನೆಯೊಂದಕ್ಕೆ ಬಂದರು. ಪುಸ್ತಕದ ಪೆಟ್ಟಿಗೆ ಹೊತ್ತು ನಾನು ಹಿಂದಿದ್ದೆ. ಈ ಸಲ ದಾರಕ್ಕೆ ಕಟ್ಟಿದ್ದು ಹೆಂಗಸರ ಚಪ್ಪಲಿ. "ನಿಧಾನ ಬಾರೇ, ಮೆಟ್ಟಿಲಿದೆ" ಎಂದರು, ತಿರುಗಿ ನೋಡದೆ. ನನಗೆ ನಗು ಬರಲಿಲ್ಲ. ಅವರ ಕೈಯಲ್ಲಿ ದಾರ ಸಡಿಲವಾಗಿ ಜೋತುಬಿದ್ದಿತ್ತು. ಚಪ್ಪಲಿ ಮಾತ್ರ ಒಂದೊಂದೇ ಮೆಟ್ಟಿಲು ಹತ್ತುತ್ತಿತ್ತು.