ಬೋಲ್ಟಿನ ಮೇಲಿನ ಹಳದಿ ಗೆರೆ

ಗೇರ್ ಬಾಕ್ಸಿನ ಬೋಲ್ಟಿನ ಮೇಲಿದ್ದ ಆ ಹಳದಿ ಗೆರೆ ಶೀನಣ್ಣ ಎಳೆದದ್ದಲ್ಲ. ನಾನು ಎಳೆದದ್ದು—ನನ್ನ ಉಗುರು ಬಣ್ಣದಿಂದ. ಆಮೇಲೆ ಅದೇ ಗೆರೆಯನ್ನು ಸಾಕ್ಷಿಯಾಗಿಟ್ಟುಕೊಂಡು, ತಪ್ಪು ಅವರದೇ ಎಂದು ನಾಲ್ಕು ಜನರ ಎದುರು ವಾದಿಸಿ ಗೆದ್ದೆ.

ಮೂರು ವರ್ಷವಾಯಿತು. ಇಷ್ಟು ನೇರವಾಗಿ ಈ ಮಾತನ್ನು ಬರೆಯುತ್ತಿರುವುದು ಇದೇ ಮೊದಲು. ಬರೆದ ಮೇಲೆ ಎರಡು ಸಲ ಎದ್ದು ಹೋಗಿ ಬಾಗಿಲು ಹಾಕಿದೆಯೇ ಎಂದು ನೋಡಿ ಬಂದೆ. ಮನೆಯಲ್ಲಿ ಯಾರೂ ಇಲ್ಲ. ಆದರೂ.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು—ನೆಪ ಹುಡುಕುವುದಕ್ಕಲ್ಲ, ತಪ್ಪು ಎಂಥದ್ದೆಂದು ತಿಳಿಯುವುದಕ್ಕೆ. ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಇಲ್ಲಿ ಮುಂಬೈಯ ಕನ್ನಡ ಸಂಘದ ವೇದಿಕೆಯಿಂದ ಕಾಲೇಜಿನ ಇಂಗ್ಲಿಷ್ ಡಿಬೇಟ್‌ವರೆಗೆ, ಪರ ಕೊಟ್ಟರೂ ಗೆಲ್ಲುತ್ತಿದ್ದೆ, ವಿರೋಧ ಕೊಟ್ಟರೂ ಗೆಲ್ಲುತ್ತಿದ್ದೆ. "ಪುರಾವೆ ಎಲ್ಲಿ?" ಎಂದು ಕೇಳದೆ ಅಮ್ಮನ ಕಷಾಯವನ್ನೂ ಕುಡಿದವಳಲ್ಲ. ಅಪ್ಪ ಮೈಸೂರಿನ ಬಂಧುಗಳ ಮುಂದೆ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಅಣ್ಣ ನಿಖಿಲ್‌ಗೆ ಕಾರಿನ ಹುಚ್ಚು. ಮುಲುಂಡ್‌ನ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಅವನು ಒಂದು ಸ್ಪೋರ್ಟ್ಸ್ ಕಾರನ್ನು ತಾನೇ ಜೋಡಿಸುತ್ತಿದ್ದ. ಇಂಥ ಕಾರು ಕಿಟ್ ಆಗಿ ಬರುತ್ತದೆ—ಉಕ್ಕಿನ ಕೊಳವೆಗಳ ಚೌಕಟ್ಟು, ಫೈಬರ್ ಮೈ, ಎರಡೇ ಸೀಟು. ಎಂಜಿನ್ನು, ಗೇರ್ ಬಾಕ್ಸು ನಾವೇ ಹುಡುಕಿಕೊಳ್ಳಬೇಕು. ಎಂಜಿನ್ ಸಿಕ್ಕಿತ್ತು. ಗೇರ್ ಬಾಕ್ಸಿಗಾಗಿ ಕುರ್ಲಾದ ಒಂದು ಗ್ಯಾರೇಜು ಶೆಡ್ಡಿಗೆ ಹೋದೆವು. ಅಲ್ಲಿ ಮಿಸ್ತ್ರಿಯಾಗಿದ್ದವರು ಶೀನಣ್ಣ. ಉಡುಪಿ ಕಡೆಯವರು, ಅರವತ್ತರ ಆಸುಪಾಸು. ಅಲ್ಲಿ ಎರಡು ಹಳೆಯ ಬಾಕ್ಸುಗಳಿದ್ದವು, ನಾಲ್ಕು ಗೇರಿನದೊಂದು, ಐದು ಗೇರಿನದೊಂದು. ಅವರು ಒಂದೊಂದರ ಶಾಫ್ಟನ್ನೂ ಹಿಡಿದು ಅಲುಗಿಸಿದರು. ಒಂದೊಂದೇ ಗೇರಿಗೆ ಹಾಕಿ, ಕಣ್ಣು ಮುಚ್ಚಿ, ಕೈಯಿಂದಲೇ ತಿರುಗಿಸಿದರು. ತಳದಲ್ಲಿ ಉಳಿದಿದ್ದ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದರು.

"ನಾಲ್ಕರದ್ದು ಗಟ್ಟಿ ಉಂಟು, ಆದ್ರೆ ನಿಮ್ಮ ಹಗುರ ಗಾಡಿಗೆ ಅದು ಭಾರ ಆಯ್ತು. ಐದರದ್ದು ತೆಗೊಳ್ಳಿ. ಒಳಗೆ ಹಿತ್ತಾಳೆ ಬಳೆ ಸ್ವಲ್ಪ ಸವೆದಿದೆ. ಜೋಪಾನ ಮಾಡಿದ್ರೆ ಬರ್ತದೆ."

ಗೇರ್ ಬದಲಿಸುವಾಗ ಬೇರೆ ಬೇರೆ ವೇಗದಲ್ಲಿ ತಿರುಗುವ ಚಕ್ರಗಳನ್ನು ಒಂದೇ ವೇಗಕ್ಕೆ ತರುವ ತೆಳು ಬಳೆಗಳು ಅವು. ಅವು ಹೋದರೆ ಗೇರ್ ಬೀಳುವುದಿಲ್ಲ.

ಬಾಕ್ಸನ್ನು ಕೂರಿಸಿ, ಎಣ್ಣೆ ತುಂಬಿ ಮುಗಿಸಿದ ದಿನ ಅವರು ಒಂದು ಬೆಂಕಿಕಡ್ಡಿಯನ್ನು ಹಳದಿ ಪೇಂಟಿಗೆ ಅದ್ದಿ, ಎಣ್ಣೆ ಇಳಿಸುವ ತಳದ ಬೋಲ್ಟು, ಎಣ್ಣೆ ತುಂಬುವ ಪಕ್ಕದ ಬೋಲ್ಟು, ಎರಡರ ತಲೆಯಿಂದಲೂ ಬಾಕ್ಸಿನ ಮೈಗೆ ಒಂದೊಂದು ಗೆರೆ ಎಳೆದರು. ಅವರ ಕೈಯಿಂದ ಹೊರಟ ಪ್ರತಿ ಬಾಕ್ಸಿಗೂ ಈ ಗೆರೆ ಇರುತ್ತಿತ್ತು. ಯಾರಾದರೂ ಬೋಲ್ಟನ್ನು ತಿರುಗಿಸಿದರೆ ಗೆರೆ ತುಂಡಾಗಿ, ಅರ್ಧ ಅಲ್ಲಿ ಅರ್ಧ ಇಲ್ಲಿ ಆಗುತ್ತದೆ.

"ಗೆರೆ ಸರಿ ಇರುವವರೆಗೆ ಜವಾಬ್ದಾರಿ ನಂದು," ಎಂದರು.

ಜಗಳ—ಅಲ್ಲ, ಜಗಳವಾಡಿದ್ದು ನಾನೊಬ್ಬಳೇ—ನಡೆದದ್ದು ಎಣ್ಣೆಯ ಬಗ್ಗೆ. ಗೇರ್ ಎಣ್ಣೆಯಲ್ಲಿ ದರ್ಜೆಗಳಿವೆ. ಅವರು ಹಾಕಿದ್ದು ನಾಲ್ಕನೆಯದು. ನಾನು ಇಂಟರ್‌ನೆಟ್‌ನಲ್ಲಿ ಓದಿ ಹೋಗಿದ್ದೆ, ಐದನೆಯದು ಇನ್ನೂ ಹೆಚ್ಚಿನ ಒತ್ತಡ ತಡೆಯುತ್ತದೆ ಎಂದು.

"ಅದು ಬೇರೆ ಗಾಡಿಗೆ ಮಾರಾಯ್ತಿ. ಇದಕ್ಕೆ ಹಾಕಿದ್ರೆ ಹಿತ್ತಾಳೆಯನ್ನು ತಿಂತದೆ."

"ಪುರಾವೆ?"

"ಎಂಥ ಪುರಾವೆ? ನಲ್ವತ್ತು ವರ್ಷದಿಂದ ಬಾಕ್ಸ್ ಬಿಚ್ತಾ ಇದ್ದೇನೆ."

"ಅದು ಅನುಭವ ಶೀನಣ್ಣ, ಪುರಾವೆ ಅಲ್ಲ. ನೀವು ಕೆಟ್ಟ ಬಾಕ್ಸುಗಳನ್ನು ಮಾತ್ರ ಬಿಚ್ಚಿದ್ದೀರಿ. ಐದನೇ ದರ್ಜೆ ಹಾಕಿಯೂ ಕೆಡದೆ ಓಡ್ತಿರೋ ಗಾಡಿಗಳು ನಿಮ್ಮ ಹತ್ರ ಬರೋದೇ ಇಲ್ಲವಲ್ಲ?"

ನಿಖಿಲ್ ಜೋರಾಗಿ ನಕ್ಕ. ಶೀನಣ್ಣನೂ ನಕ್ಕರು. "ವಕೀಲಮ್ಮ ನನ್ನನ್ನು ಒಳಗೆ ಹಾಕಿಸದೆ ಬಿಡುವುದಿಲ್ಲ," ಎಂದರು. ಆದರೆ ಎಣ್ಣೆ ಬದಲಿಸಲಿಲ್ಲ. ವಾದದಲ್ಲಿ ನಾನು ಗೆದ್ದಿದ್ದೆ, ಬಾಕ್ಸಿನಲ್ಲಿ ಅವರ ಎಣ್ಣೆಯೇ ಇತ್ತು—ಅದು ನನಗೆ ತಡೆಯಲಾಗಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ. ಹುಡುಕಿ ನೋಡಿದ್ದೇನೆ.

ಮರುವಾರ, ನಿಖಿಲ್ ಆಫೀಸಿಗೆ ಹೋಗಿದ್ದಾಗ, ಕಾರಿನಡಿಗೆ ತೆವಳಿ ಎಣ್ಣೆ ಬದಲಿಸಿದೆ. ಸಾವಿರ ಕಿಲೋಮೀಟರ್ ಓಡಿದ ಮೇಲೆ ಶೆಡ್ಡಿಗೆ ಹೋಗಿ, "ನೋಡಿ, ಏನೂ ಆಗಿಲ್ಲ" ಎಂದು ತೋರಿಸಬೇಕೆಂದಿದ್ದೆ. ಅಲ್ಲಿಯವರೆಗೆ ಗೊತ್ತಾಗಬಾರದು. ತಳದ ಬೋಲ್ಟು ಹೇಗೋ ಹಳೆಯ ಜಾಗಕ್ಕೇ ಬಂದು ನಿಂತಿತು. ಪಕ್ಕದ ಬೋಲ್ಟು ಬರಲಿಲ್ಲ. ಬೋಲ್ಟಿನ ಮೇಲಿದ್ದ ಅರ್ಧ ಗೆರೆಗೆ ಗ್ರೀಸ್ ಮೆತ್ತಿ ಮುಚ್ಚಿದೆ. ಬಾಕ್ಸಿನ ಮೇಲಿದ್ದ ಅರ್ಧದ ಮೇಲೇ ಉಗುರು ಬಣ್ಣ ಹಚ್ಚಿ, ಬೋಲ್ಟಿನವರೆಗೆ ಹೊಸದಾಗಿ ಎಳೆದೆ. ಹಳದಿಗೆ ಹಳದಿ ಚೆನ್ನಾಗಿಯೇ ಹೊಂದಿತು. ಸ್ವಲ್ಪ ಹೊಳಪು ಹೆಚ್ಚು, ಅಷ್ಟೇ.

ಕೆಲವೇ ವಾರಗಳಲ್ಲಿ ಗೇರ್ ಬದಲಿಸುವಾಗ ಕರಕರ ಸದ್ದು ಶುರುವಾಯಿತು. ನಿಖಿಲ್ "ಹೊಸದಾಗಿ ಕೂರಿಸಿದ್ದಲ್ವಾ ಯಾರ್, ಸೆಟ್ ಆಗುತ್ತೆ" ಎಂದ. ಯಾಕೆಂದು ನನಗೆ ಗೊತ್ತಿತ್ತು. ಆಗಲೇ ಹೇಳಿದ್ದರೆ... ಹೇಳಲಿಲ್ಲ.

ಒಂದು ಭಾನುವಾರ ಥಾಣೆ ಊರಿನ ಆಚೆ ಒಂದು ಗುಡ್ಡದ ರಸ್ತೆಯಿಂದ ಇಳಿಯುತ್ತಿದ್ದೆವು. ನಾನು ಅವನ ಪಕ್ಕದ ಸೀಟಿನಲ್ಲಿದ್ದೆ. ತಿರುವಿನ ಮುಂಚೆ ಅವನು ಮೂರರಿಂದ ಎರಡಕ್ಕೆ ಇಳಿಸಲು ಹೋದ.

"ಸೆಕೆಂಡ್ ಬೀಳ್ತಾ ಇಲ್ಲ! ಬೀಳ್ತಾನೇ ಇಲ್ಲ!"

ಎಂಜಿನ್ನಿನ ಹಿಡಿತ ತಪ್ಪಿದ ಕಾರು ಹಗುರವಾಗಿ ಓಡಿತು. ಅವನು ಬ್ರೇಕ್ ಒತ್ತಿದ. ಚಕ್ರಗಳು ಜಾರಿದವು. ಕಾರು ರಸ್ತೆಬದಿಯ ಕಟ್ಟೆಗೆ ಬಡಿದಾಗ ಅವನ ಎಡಗೈ ಇನ್ನೂ ಗೇರ್ ಕಡ್ಡಿಯನ್ನು ಒತ್ತುತ್ತಲೇ ಇತ್ತು. ಮಣಿಕಟ್ಟು ಎರಡು ಕಡೆ ಮುರಿಯಿತು. ನನಗೆ ಒಂದು ಗೀರೂ ಆಗಲಿಲ್ಲ.

ಅಪಘಾತವಾದ ಮೂರನೇ ವಾರ ಬಾಕ್ಸನ್ನು ಕಾರಿನಿಂದ ಇಳಿಸಿ ಕುರ್ಲಾಕ್ಕೆ ಒಯ್ದೆವು. ಶೆಡ್ಡಿನ ಮಾಲೀಕ ಸೇಠ್, ಅಪ್ಪ, ಪ್ಲಾಸ್ಟರ್ ಹಾಕಿದ್ದ ನಿಖಿಲ್, ಶೀನಣ್ಣ, ನಾನು. ಶೀನಣ್ಣ ತಳದ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿ ಎಣ್ಣೆಯನ್ನು ಅಂಗೈಗೆ ಬಿಟ್ಟುಕೊಂಡರು. ಅದರಲ್ಲಿ ಹಿತ್ತಾಳೆಯ ಪುಡಿ ಮಿನುಗುತ್ತಿತ್ತು. ಮೂಸಿದರು. ಇನ್ನೊಮ್ಮೆ ಮೂಸಿದರು.

"ಇದು ನಾನು ಹಾಕಿದ ಎಣ್ಣೆ ಅಲ್ಲ."

ಎಲ್ಲರೂ ಅವರನ್ನೇ ನೋಡುತ್ತಿದ್ದರು. ಇನ್ನೊಂದು ಕ್ಷಣಕ್ಕೆ ನನ್ನನ್ನು ನೋಡುತ್ತಾರೆ ಅನಿಸಿತು. ಆಗ ನನ್ನ ಬಾಯಿ ತಾನಾಗಿ ತೆರೆಯಿತು—ತಾನಾಗಿ ಎಂದು ಬರೆದರೆ ಮತ್ತೆ ಸುಳ್ಳಾಗುತ್ತದೆ. ನಾನು ತೆರೆದೆ.

"ಶೀನಣ್ಣ, ಗೆರೆ ಸರಿ ಇರುವವರೆಗೆ ಜವಾಬ್ದಾರಿ ನಿಮ್ಮದು ಅಂತ ನೀವೇ ಹೇಳಿದ್ದಿರಿ. ಬೋಲ್ಟ್ ತೆರೆಯದೆ ಬೇರೆ ಎಣ್ಣೆ ಹಾಕೋಕಾಗಲ್ಲ. ಪಕ್ಕದ ಬೋಲ್ಟಿನ ಗೆರೆ ನೋಡಿ. ತುಂಡಾಗಿದೆಯಾ?"

ಅವರು ಬಗ್ಗಿ ಆ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು. ಆ ಹೊಳಪಿನ ಮೇಲೆ ಬೆರಳು ನಿಂತಿತು. ಆಮೇಲೆ ಅವರ ಕಣ್ಣು ನನ್ನ ಉಗುರುಗಳ ಮೇಲೆ ಬಂತು. ಆ ದಿನ ನಾನು ಬಣ್ಣ ಹಚ್ಚಿರಲಿಲ್ಲ—ಒಂದು ಉಗುರಿನ ಮೂಲೆಯಲ್ಲಿ ಚೂರು ಹಳದಿ ಉಳಿದಿತ್ತು.

"ಇಲ್ಲ," ಎಂದರು. "ತುಂಡಾಗಿಲ್ಲ."

ಅಷ್ಟೇ. ಯಾಕೆ ಹಾಗೆಂದರು? ಅಪ್ಪನ ಎದುರು ನನ್ನ ಮಾನ ಉಳಿಸಲಿಕ್ಕೋ, ನನ್ನ ಬಾಯಿಗೆ ಎದುರು ನಿಂತು ಪ್ರಯೋಜನವಿಲ್ಲ ಎಂದೋ—ನನಗೆ ಈಗಲೂ ಗೊತ್ತಿಲ್ಲ. ಸೇಠ್ ಅದೇ ವಾರ ಶೀನಣ್ಣನನ್ನು ಕೆಲಸದಿಂದ ತೆಗೆದುಹಾಕಿದ. ನೆರೆಹೊರೆಯ ಶೆಡ್ಡುಗಳಿಗೂ ಸುದ್ದಿ ಮುಟ್ಟಿತು. ಯಾವ ಎಣ್ಣೆ ಹಾಕಬೇಕೆಂದು ಗೊತ್ತಿಲ್ಲದ ಮಿಸ್ತ್ರಿಗೆ ಯಾರು ಬಾಕ್ಸ್ ಕೊಡುತ್ತಾರೆ?

ಬಾಕ್ಸು ಆಗಲೇ ಸವೆದಿತ್ತು, ಎಣ್ಣೆಯಿಂದಲೇ ಕೆಟ್ಟಿತೆಂದು ಪೂರ್ತಿ ಸಾಬೀತಾಗಿಲ್ಲ—ಈ ಮಾತನ್ನು ಮೂರು ವರ್ಷ ಹಿಡಿದುಕೊಂಡು ಬದುಕಿದೆ. ತರ್ಕದ ಪ್ರಕಾರ ಸರಿಯೇ ಇರಬಹುದು. ಆದರೆ ಎಣ್ಣೆಯ ವಿಷಯದಲ್ಲಿ ಅನುಮಾನಕ್ಕೆ ಜಾಗವಿದೆ, ಗೆರೆಯ ವಿಷಯದಲ್ಲಿ ಇಲ್ಲ.

ಹೋದ ತಿಂಗಳು ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಕೂತಿದ್ದೆ. ಕಾಫಿ ತಂದಿಟ್ಟ ಕೈಯ ಗೆರೆಗಳಲ್ಲಿ ಹಳೆಯ ಗ್ರೀಸಿನ ಕಪ್ಪು ಇನ್ನೂ ಇತ್ತು.

"ವಕೀಲಮ್ಮ! ಸಕ್ಕರೆ ಕಮ್ಮಿ ಅಲ್ವಾ ನಿಮಗೆ?"

ತಲೆಯೆತ್ತಿ ನೋಡಿದೆ. ಶೀನಣ್ಣ.

"ನಿಖಿಲರ ಕೈ ಹೇಗುಂಟು? ಗಾಡಿ ಓಡಿಸ್ತಾರಾ?"

"ಆಟೋಮ್ಯಾಟಿಕ್ ಓಡಿಸ್ತಾನೆ," ಎಂದೆ. ಅವರು ತಲೆಯಾಡಿಸಿ ಮುಂದಿನ ಟೇಬಲ್ಲಿಗೆ ಹೋದರು. ಕಾಫಿ ಬಿಟ್ಟು ಹೊರಗೆ ಬಂದೆ. ಸ್ಟೇಷನ್ನಿನವರೆಗೆ ಹೆಚ್ಚುಕಡಿಮೆ ಓಡಿದೆ.

ಇಂದು ಬೆಳಿಗ್ಗೆ ತಿಂಡಿ ತಿನ್ನುತ್ತಾ ನಿಖಿಲ್ ಹೇಳಿದ, "ಬಾಲ್ಕನಿಲಿ ಆ ಗೇರ್ ಬಾಕ್ಸ್ ಜಾಗ ತಿಂತಾ ಇದೆ. ನಾಳೆ ಭಂಗಾರ್‌ವಾಲಾ ಬರ್ತಾನೆ, ಗುಜರಿಗೆ ಕೊಟ್ಟುಬಿಡೋಣ." ಕುರ್ಲಾದಿಂದ ವಾಪಸ್ ತಂದ ಮೇಲೆ ಅದನ್ನು ಯಾರೂ ಒಳಗೆ ಬಿಚ್ಚಿ ನೋಡಿರಲಿಲ್ಲ. ಪಕ್ಕದ ಬೋಲ್ಟನ್ನಂತೂ ಯಾರೂ ಮುಟ್ಟಿರಲಿಲ್ಲ. ನಾಳೆ ಅದು ಕರಗಿ ಹೋದರೆ ಇನ್ನು ಯಾವ ಸಾಕ್ಷಿಯೂ ಇಲ್ಲ. ಎದೆ ಹಗುರವಾಯಿತು—ಹಾಗೆ ಹಗುರವಾದದ್ದು ತಿಳಿದೇ ಗಾಬರಿಯಾದೆ. ನಾನು ಮೂರು ವರ್ಷ ಕಾಯುತ್ತಿದ್ದದ್ದು ಇದಕ್ಕೇ ಏನು?

ಬಾಲ್ಕನಿಗೆ ಹೋಗಿ, ಬಾಕ್ಸಿನ ಮೇಲಿದ್ದ ಹೂಕುಂಡ ಸರಿಸಿ, ಗೆರೆಯನ್ನು ಉಗುರಿನಿಂದ ಕೆರೆದೆ. ಉಗುರು ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಅದರಡಿ ಶೀನಣ್ಣನ ಅರ್ಧ ಗೆರೆ ಹಾಗೇ ಇತ್ತು. ಬೋಲ್ಟಿನ ಗ್ರೀಸ್ ಒರೆಸಿದೆ. ಇನ್ನರ್ಧ ಒಂದು ಬೆರಳಿನಷ್ಟು ದೂರದಲ್ಲಿ, ಬೇರೆಲ್ಲೋ ನೋಡುತ್ತಿತ್ತು.

"ಏನೇ ಮಾಡ್ತಿದೀಯಾ?" ನಿಖಿಲ್ ಹಿಂದೆ ನಿಂತಿದ್ದ.

ಹೇಳಿದೆ. ಮೊದಲಿನಿಂದ ಕೊನೆಯವರೆಗೆ. ಅವನು ಎಡ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡು ಕೇಳಿದ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕುರ್ಲಾದಲ್ಲಿ ಸೇಠ್‌ಗೂ ಹೇಳ್ಬೇಕು ನೀನು," ಎಂದಷ್ಟೇ ಹೇಳಿ, ಚಪ್ಪಲಿ ಮೆಟ್ಟಿ ಹೊರಗೆ ಹೋದ. ಇನ್ನೂ ಬಂದಿಲ್ಲ.

ನಾಳೆ ಬಾಕ್ಸನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಮೊದಲು ಗ್ರಾಂಟ್ ರೋಡಿಗೆ, ಆಮೇಲೆ—ಶೀನಣ್ಣ ಒಪ್ಪಿದರೆ—ಅವರೊಂದಿಗೆ ಕುರ್ಲಾಕ್ಕೆ ಹೋಗುತ್ತೇನೆ. ಏನು ಹೇಳಬೇಕೆಂದು ಅಭ್ಯಾಸಬಲದಿಂದ ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡಿದ್ದೆ. ಮೂರನೆಯ ಸಾಲಿಗೇ "ಆದರೆ" ಎಂಬ ಮಾತು ಬಂತು. ಹಾಳೆ ಹರಿದೆ. ಎರಡು ತುಂಡು ಗೆರೆಗಳನ್ನು ತೋರಿಸುತ್ತೇನೆ, ಅದರ ಮೇಲೆ ಸುಳ್ಳು ಗೆರೆ ಎಳೆದವಳು ನಾನೆಂದು ಹೇಳುತ್ತೇನೆ. ಅವರು ಏನೆನ್ನುತ್ತಾರೋ ಗೊತ್ತಿಲ್ಲ. ಏನೆಂದರೂ, ಎಷ್ಟು ಹೊತ್ತು ಅಂದರೂ, ನಾನು ಎದುರುತ್ತರ ಕೊಡುವುದಿಲ್ಲ.