ವಾಸನೆ ಇಲ್ಲದ ಪ್ಲೇಟ್

ಕೊರೋನಾ ಗಲಾಟೆ ಮುಗಿದು ಕಾಲೇಜುಗಳು ಸರಿಯಾಗಿ ನಡೆಯತೊಡಗಿದ ಮರುವರ್ಷದ ಮಾತು. ಸೋಲದೇವನಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ನಾನು ಮೈಕ್ರೋಬಯಾಲಜಿ ಪ್ರೊಫೆಸರ್ ಆಗಿದ್ದೆ. ಬಯೋಮೆಡಿಕಲ್ ಸೈನ್ಸ್ ಎಂ.ಎಸ್ಸಿ.ಯ ಕೊನೆಯ ಸೆಮಿಸ್ಟರಿನಲ್ಲಿ ಪ್ರತಿ ವಿದ್ಯಾರ್ಥಿಯೂ ಸ್ವತಂತ್ರವಾಗಿ ಒಂದು ಸಂಶೋಧನಾ ಪ್ರಾಜೆಕ್ಟ್ ಮಾಡಬೇಕು. ಸ್ವತಂತ್ರ ಎನ್ನುವುದು ಹೆಸರಿಗೆ, ಬಹುಪಾಲು ಮಂದಿ ಸೀನಿಯರ್‌ಗಳ ಪ್ರಾಜೆಕ್ಟಿಗೇ ಹೊಸ ಹೆಸರಿಟ್ಟು ತರುತ್ತಾರೆ. ಆರ್.ಟಿ. ನಗರದ ರಶ್ಮಿ ಹಾಗಲ್ಲ. ಹೆಸರಘಟ್ಟದ ಸುತ್ತ ಹಸು ಸಾಕಿದ ಮನೆಗಳಿಂದ ಹಸಿ ಹಾಲು ತಂದು, ಅದರಲ್ಲಿರುವ ಯಾವ ಬ್ಯಾಕ್ಟೀರಿಯಾ ಆಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ ಎಂದು ನೋಡುತ್ತೇನೆ ಎಂದಳು. ಸ್ಕೂಟರಿಗೆ ಐಸ್ ಡಬ್ಬ ಕಟ್ಟಿಕೊಂಡು ತಾನೇ ಹೋಗಿ ಬರುತ್ತಿದ್ದಳು. ಇಂಥ ಹುಡುಗಿ ಸಿಕ್ಕರೆ ಗೈಡ್ ಆದವರಿಗೆ ಖುಷಿ, ಸ್ವಲ್ಪ ಭಯ ಕೂಡ.

ನಮ್ಮ ಕಸುಬಿನಲ್ಲಿ ಒಂದು ಹಳೆಯ ಚಾಳಿಯಿದೆ. ಬ್ಯಾಕ್ಟೀರಿಯಾ ಬೆಳೆಸುವ ಪುಟ್ಟ ತಟ್ಟೆಗೆ ಪ್ಲೇಟ್ ಎನ್ನುತ್ತೇವೆ. ಅದರ ಮುಚ್ಚಳ ಎತ್ತಿ ಮೂಸುವುದೇ ಆ ಚಾಳಿ. ಒಂದು ಬ್ಯಾಕ್ಟೀರಿಯಾಕ್ಕೆ ದ್ರಾಕ್ಷಿಯ ವಾಸನೆ, ಇನ್ನೊಂದಕ್ಕೆ ಕೊಳೆತ ಮೀನಿನದು. ಮೂಗಿನಿಂದಲೇ ಗುರುತು ಹಿಡಿಯುವವರಿಗೆ ಲ್ಯಾಬಿನಲ್ಲಿ ಭಾರಿ ಮರ್ಯಾದೆ. ಮೂಸಬೇಡಿ ಎಂದು ಗೋಡೆಗೆ ನೋಟೀಸ್ ಅಂಟಿಸಿದ್ದೆ. ಅದರ ಕೆಳಗೇ ನಿಂತು ಮೂಸುತ್ತಿದ್ದರು.

ಆ ವಾರ ಸಾಲು ರಜೆ ಬಂತು. ಮರುದಿನವೇ ನೋಡಿ ವಿಲೇವಾರಿ ಮಾಡಬೇಕಿದ್ದ ಪ್ಲೇಟುಗಳು ಅವನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನಲ್ಲೇ ಉಳಿದವು, ಒಂದೇ ದಿನದಲ್ಲಿ ಕಣ್ಣಿಗೆ ಬೀಳದ ನಿಧಾನದ ಬ್ಯಾಕ್ಟೀರಿಯಾಕ್ಕೂ ಬೆಳೆಯಲು ಸಮಯ ಸಿಕ್ಕಿತು. ರಜೆ ಮುಗಿದ ಬೆಳಿಗ್ಗೆ ರಶ್ಮಿ ಒಂದು ಪ್ಲೇಟ್ ಹಿಡಿದು ನನ್ನ ಬಳಿ ಬಂದಳು. ಸೂಜಿಮೊನೆಯಷ್ಟು ಸಣ್ಣ, ತೆಳು ಜೇನಿನ ಬಣ್ಣದ ಚುಕ್ಕೆಗಳು ಎದ್ದಿದ್ದವು.

“ಇದಕ್ಕೆ ವಾಸನೆನೇ ಇಲ್ಲ ಮ್ಯಾಮ್.”

ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ನುಣ್ಣನೆಯ ಮರಳು ಚೆಲ್ಲಿದಂತೆ ಕೆಂಪು ಕಣಗಳು. ಪ್ಲೇಟನ್ನು ಅವಳ ಕೈಗೆ ಕೊಡದೆ ಮುಚ್ಚಿಟ್ಟೆ. ಯಾವ ಮನೆಯ ಹಾಲು ಎಂದು ಕೇಳಿದೆ. ಕೆರೆಯಾಚೆಯ ಲಕ್ಷ್ಮಮ್ಮನವರದು, ಪಾಪ, ಅವರ ಹಸು ಈಚೆಗೆ ಕಂದು ಹಾಕಿತ್ತಂತೆ ಎಂದಳು. ದಿನ ತುಂಬುವ ಮೊದಲೇ ಹಸು ಸತ್ತ ಕರು ಹಾಕುವುದಕ್ಕೆ ದನ ಸಾಕುವವರು ಹೇಳುವ ಮಾತದು. ಹಾಗೆ ಮಾಡಿಸುವ ರೋಗಗಳಲ್ಲಿ ಬ್ರೂಸೆಲ್ಲೋಸಿಸ್ ಒಂದು. ಅದು ಮನುಷ್ಯರಿಗೂ ಬರುತ್ತದೆ. ಬಂದರೆ ಬಿಟ್ಟು ಬಿಟ್ಟು ಜ್ವರ, ಆಮೇಲೆ ಕೀಲು, ಬೆನ್ನುಮೂಳೆ, ಕೆಲವೊಮ್ಮೆ ಹೃದಯದ ಕವಾಟ. ಲ್ಯಾಬಿನಲ್ಲಿ ಅದು ಮೈಯೊಳಗೆ ಸೇರುವ ಸುಲಭದ ದಾರಿ ಮೂಗು.

ಪ್ಲೇಟುಗಳನ್ನು ಸೀಲ್ ಮಾಡಿ, ಲ್ಯಾಬಿಗೆ ಬೀಗ ಹಾಕಿಸಿ, ಖಚಿತಪಡಿಸಿಕೊಳ್ಳಲು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದೆವು. ವೈದ್ಯರು ವರದಿಗೆ ಕಾಯದೆ ಅಂದೇ ರಶ್ಮಿಗೆ ಎರಡು ಬಗೆಯ ಆಂಟಿಬಯೋಟಿಕ್ ಶುರುಮಾಡಿದರು. ಮೂರು ವಾರ ಮಾತ್ರೆ, ಆರು ತಿಂಗಳು ಆಗಾಗ ರಕ್ತಪರೀಕ್ಷೆ. ಈ ರೋಗ ಮೈ ಹೊಕ್ಕು ತಿಂಗಳುಗಟ್ಟಲೆ ಸುಮ್ಮನಿದ್ದುಬಿಡಬಲ್ಲದು. ಬ್ಯಾಗಿನಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಓಡಾಡುತ್ತಿದ್ದಳು, ಮಾತಿನ ನಡುವೆ ಕೈ ತಾನಾಗಿ ಹಣೆಗೆ ಹೋಗುತ್ತಿತ್ತು. ಅವಳನ್ನು ಕಂಡರೆ ನನಗೆ ಸಿಟ್ಟೂ ಅಳುವೂ ಒಟ್ಟಿಗೆ ಬರುತ್ತಿದ್ದವು. ಅವಳ ತಾಯಿಯ ಫೋನ್ ಬಂದರೆ ಜ್ವರ ಬಂತಾ ಎಂದೇ ಮೊದಲು ಕೇಳುತ್ತಿದ್ದೆ.

ಲಕ್ಷ್ಮಮ್ಮನ ಮನೆಗೆ ತಿಳಿಸುವ ವಿಷಯ ಬಂದಾಗ, ವರದಿ ಬರಲಿ ಎಂದರು ಪ್ರಿನ್ಸಿಪಾಲರು. ಖಚಿತವಾಗದೆ ಬಾಯಿಬಿಟ್ಟರೆ ಡೇರಿಯಲ್ಲಿ ಅವರ ಹಾಲು ಹಾಕಿಸಿಕೊಳ್ಳುವುದಿಲ್ಲ, ಊರಿನವರು ಕಾಲೇಜಿನ ಮೇಲೆ ಜಗಳಕ್ಕೆ ಬರುತ್ತಾರೆ. ಅವರು ಹೇಳಿದ್ದರಲ್ಲಿ ಹುರುಳಿಲ್ಲದೆ ಇರಲಿಲ್ಲ. ರಶ್ಮಿ ತಲೆ ಬಗ್ಗಿಸಿಕೊಂಡೇ ಹೇಳಿದಳು.

“ನನಗೆ ರಿಪೋರ್ಟ್ ಬರೋಕ್ ಮುಂಚೆನೇ ಮಾತ್ರೆ ಕೊಡಿಸಿದ್ರಿ ಸಾರ್. ಅವರಿಗೆ ಹೇಳೋಕೆ ಮಾತ್ರ ಯಾಕೆ ರಿಪೋರ್ಟ್ ಬೇಕು?”

ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹೋಗಿ ಬನ್ನಿ ಎಂದರು. ಊರಿನ ಪಶುವೈದ್ಯರಿಗೆ ಫೋನ್ ಮಾಡಿ, ಅವಳನ್ನು ನನ್ನ ಕಾರಿನಲ್ಲೇ ಕರೆದುಕೊಂಡು ಹೊರಟೆ.

ಲಕ್ಷ್ಮಮ್ಮ ಜಗಲಿಯಲ್ಲಿ ಕೂರಿಸಿ ಉಪಚರಿಸಿದರು. ಹಾಲಿನಲ್ಲಿ ಕಂಡದ್ದನ್ನು ಹೇಳಿದೆವು. ಹಾಲು ಉಕ್ಕಿ ಬರುವವರೆಗೆ ಕಾಯಿಸದೆ ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ ಎಂದಾಗ ನನಗೆ ಹೋದ ಜೀವ ಬಂದಂತಾಯಿತು. ಆದರೆ ಸತ್ತ ಕರುವನ್ನೋ ಮಾಸನ್ನೋ ಮುಟ್ಟಿದರೂ ಈ ರೋಗ ಅಂಟುತ್ತದೆ. ಹಸು ಕಂದು ಹಾಕಿದ ದಿನ ಕರು ಎಳೆದವರು ಯಾರು ಎಂದು ಕೇಳಿದೆ. ಅವರು ನಡುಮನೆಯ ಕಡೆ ನೋಡಿದರು. ಬೇಸಿಗೆಯ ಆ ಮಧ್ಯಾಹ್ನ ಅವರ ಮಗ ಮಂಜುನಾಥ, ಇನ್ನೂ ಮದುವೆಯಾಗದ ಹುಡುಗ, ರಗ್ಗು ಹೊದ್ದು ಮಲಗಿದ್ದ.

“ಇವ್ನೇ ಕಣಮ್ಮ, ಬರಿಗೈಲಿ ಎಳ್ದಿದ್ದು. ಎಲ್ಡು ತಿಂಗ್ಳಿಂದ ಇಂಗೇ, ಜ್ವರ ಬತ್ತದೆ ಓಯ್ತದೆ. ಟೈಫಾಯ್ಡು ಅಂತ ಇಂಜೆಕ್ಷನ್ ಆಕ್ತಾವ್ರೆ. ಈಗ ಸೊಂಟನೇ ಎತ್ತಕ್ಕಾಗಲ್ಲ ಅಂತಾನೆ.”

ರಶ್ಮಿ ನನ್ನ ಮುಖ ನೋಡಿದಳು. ಆ ಅಂಗಳಕ್ಕೆ ಅವಳು ಹಾಲಿಗೆಂದು ಹಲವು ಸಲ ಬಂದಿದ್ದಳು. ಹಸುವಿನ ತಳಿ, ಮೇವು, ಕೊಟ್ಟಿಗೆಯ ಚೊಕ್ಕಟ ಎಲ್ಲ ವಿಚಾರಿಸಿದ್ದಳು. ನಾವು ರೂಪಿಸಿದ ಪ್ರಾಜೆಕ್ಟಿನಲ್ಲಿ ಮನುಷ್ಯರೇ ಇರಲಿಲ್ಲ. ನಾವು ಕಾಲೇಜಿನಲ್ಲಿ ಹೆದರಿ ಕಾಯುತ್ತಿದ್ದ ಜ್ವರ ಈ ಮನೆಯಲ್ಲಿ ಆಗಲೇ ಮಲಗಿತ್ತು.

ಅಂದೇ ಅವನನ್ನು ಆಸ್ಪತ್ರೆಗೆ ಸೇರಿಸಿದೆವು. ಪ್ಲೇಟಿನ ವರದಿ, ಅವನ ರಕ್ತದ ವರದಿ ಎರಡೂ ಬ್ರೂಸೆಲ್ಲಾ ಎಂದವು. ರಶ್ಮಿಗೆ ಜ್ವರ ಬರಲೇ ಇಲ್ಲ, ಕೊನೆಯ ಪರೀಕ್ಷೆಯವರೆಗೂ ರಕ್ತ ಚೊಕ್ಕಟವಾಗಿತ್ತು, ಡಿಗ್ರಿಯೂ ಬಂತು. ಮಂಜುನಾಥನಿಗೆ ರೋಗ ಬೆನ್ನುಮೂಳೆಗೆ ಇಳಿದಿತ್ತು. ಜೀವ ಉಳಿಯಿತು, ಆದರೆ ಹುಲ್ಲಿನ ಹೊರೆ ಎತ್ತುವ ಬೆನ್ನು ಮತ್ತೆ ಬರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ನಿವೃತ್ತಿಯ ನಂತರವೂ ಹೊಸ ಪ್ರಾಜೆಕ್ಟುಗಳ ಪ್ರಸ್ತಾವ ಕೇಳಲು ನನ್ನನ್ನು ಕರೆಯುತ್ತಾರೆ. ವಿಧಾನ, ಉಪಕರಣ, ಸ್ಯಾಂಪಲ್ ಎಲ್ಲ ಆಮೇಲೆ. ಸ್ಯಾಂಪಲ್ ಕೊಡುವ ಮನೆಯಲ್ಲಿ ಎಲ್ಲರೂ ಹುಷಾರಾಗಿದ್ದಾರಾ ಎಂದು ಮೊದಲು ಕೇಳುತ್ತೇನೆ. ಅದು ಪ್ರಾಜೆಕ್ಟಿನಲ್ಲಿ ಇಲ್ಲವಲ್ಲ ಮ್ಯಾಮ್ ಎನ್ನುತ್ತಾರೆ ವಿದ್ಯಾರ್ಥಿಗಳು. ಕೇಳಿಕೊಂಡು ಬನ್ನಿ ಎಂದು ವಾಪಸ್ ಕಳಿಸುತ್ತೇನೆ.